ಇನ್ಸರ್ಟ್ ಕೀಲಿ ಕೈಗೆ ಸಿಗದಿದ್ದಾಗ: ನನ್ನ ಅನುಭವ

ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎಯನ್ನು ದೊಡ್ಡ ಕೀಬೋರ್ಡಿನಲ್ಲಿ ಬಳಸಿ ಪಳಗಿದ್ದ ನನಗೆ, ದಾವಣಗೆರೆಯಲ್ಲಿ ಕೊಂಡು ತಂದ ಹೊಸ ಲ್ಯಾಪ್‌ಟಾಪ್ ಮೊದಲ ದಿನವೇ ಕೈಕೊಟ್ಟಿತು. ಬಲಗಡೆಯ ಅಂಕಿಗಳ ಕೀಲಿಗಳು ಅದರಲ್ಲಿ ಇರಲೇ ಇಲ್ಲ. ಇನ್ಸರ್ಟ್ ಇದ್ದುದು ಡಿಲೀಟ್ ಕೀಲಿಯಲ್ಲೇ, ಅದೂ ಎಫ್‌ಎನ್ ಒತ್ತಿದರೆ ಮಾತ್ರ. ಎನ್‌ವಿಡಿಎಯ ಬಹುಪಾಲು ಆದೇಶಗಳು ಇನ್ಸರ್ಟ್ ಹಿಡಿದೇ ಆರಂಭವಾಗುವುದರಿಂದ, ಒಂದು ಸಾಲು ಓದಿಸಲು ಹೋಗಿ ಬೆರಳು ಜಾರಿ, ಬರೆದಿದ್ದ ಅರ್ಜಿಯ ಅಕ್ಷರಗಳೇ ಅಳಿಸಿಹೋದವು.

ಕೊನೆಗೆ ಮೂಲೆಗೆ ಬಿದ್ದಿದ್ದ ಹಳೆಯ ಯುಎಸ್‌ಬಿ ಕೀಬೋರ್ಡನ್ನು ಜೋಡಿಸಿ, ಇನ್ಸರ್ಟ್, ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿದೆ. ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯಿತು. ಅಲ್ಲಿ ವಿನ್ಯಾಸವನ್ನು ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬದಲಿಸಿ, ಆದೇಶಕ್ಕಾಗಿ ಹಿಡಿಯುವ ಎನ್‌ವಿಡಿಎ ಕೀಲಿಗಳ ಪಟ್ಟಿಯಲ್ಲಿ ಕ್ಯಾಪ್ಸ್ ಲಾಕ್ ಅನ್ನು ಸ್ಪೇಸ್ ಒತ್ತಿ ಗುರುತು ಮಾಡಿದೆ. ಎಡಗೈಯ ಕಿರುಬೆರಳಿಗೆ ತಾನಾಗಿ ಸಿಗುವ ಈ ಕೀಲಿಯೇ ಮೇಲೆಂದು ಈಗ ನನ್ನ ಅಭಿಪ್ರಾಯ. ದೊಡ್ಡಕ್ಷರ ಬೇಕಾದಾಗ ಅದನ್ನು ಬೇಗಬೇಗನೆ ಎರಡು ಸಲ ಒತ್ತಿದರಾಯಿತು.

ವಿನ್ಯಾಸ ಬದಲಾದರೆ ಆದೇಶಗಳೂ ಬದಲಾಗುತ್ತವೆ ಎಂಬುದು ಮಾತ್ರ ನನಗೆ ತಡವಾಗಿ ಹೊಳೆಯಿತು. ಎನ್‌ವಿಡಿಎ ಕೀಲಿಯ ಜೊತೆ, ಪೂರ್ತಿ ಓದಿಸಲು ಕೆಳಬಾಣದ ಬದಲು ಎ, ಈಗಿನ ಸಾಲಿಗೆ ಮೇಲ್ಬಾಣದ ಬದಲು ಎಲ್. ಕ್ಯಾಪ್ಸ್ ಲಾಕ್ ಜೊತೆ 1 ಒತ್ತಿದರೆ ಕೀಲಿ ಸಹಾಯ ಆರಂಭವಾಗಿ, ಯಾವ ಕೀಲಿ ಏನು ಮಾಡುತ್ತದೆಂದು ಹೇಳುತ್ತದೆ. ಅದರಲ್ಲೇ ಅರ್ಧ ಗಂಟೆ ಕೈ ಪಳಗಿಸಿಕೊಂಡೆ. ಟೈಪ್ ಮಾಡಿದ ಅಕ್ಷರ ಅಕ್ಷರವನ್ನೂ ಉಚ್ಚರಿಸುವ ಗದ್ದಲವನ್ನು ಕ್ಯಾಪ್ಸ್ ಲಾಕ್ ಜೊತೆ 2 ಒತ್ತಿ ನಿಲ್ಲಿಸಿದೆ.

ಆದರೆ ಅಂದೇ ಸಂಜೆ ಬ್ಯಾಟರಿ ಖಾಲಿಯಾಗಿ ಯಂತ್ರ ಒಮ್ಮೆಲೇ ಆರಿ, ಮಾಡಿದ್ದೆಲ್ಲ ಹೋಯಿತು. ಎರಡನೆಯ ಸಲ ಎಲ್ಲವನ್ನೂ ಹೊಂದಿಸಿದ ಕೂಡಲೇ ಕ್ಯಾಪ್ಸ್ ಲಾಕ್, ಕಂಟ್ರೋಲ್, ಸಿ ಒತ್ತಿ ಉಳಿಸಿಕೊಂಡೆ.