ಕಾರಿನೊಳಗೇ ಕೀ ಉಳಿದಾಗ ಬಾಗಿಲು ತೆರೆದದ್ದು ಹೀಗೆ

ಕಾರು ಜೆ.ಸಿ. ರಸ್ತೆಯಲ್ಲಿ, ಕೀ ಸೀಟಿನ ಮೇಲೆ. ನಾಲ್ಕೂ ಬಾಗಿಲು, ಡಿಕ್ಕಿ ಎಳೆದು ನೋಡಿದ ಮೇಲೆ ಕೆಲಸಕ್ಕೆ ಬಂದದ್ದು ಏರ್ ವೆಜ್ (ಗಾಳಿ ತುಂಬಿದರೆ ಉಬ್ಬುವ ಚಪ್ಪಟೆ ಚೀಲ) ಮತ್ತು ಉದ್ದನೆಯ ಕಂಬಿ. ಬಾಗಿಲಿನ ಮೇಲ್ಭಾಗದ ಹಿಂಬದಿ ಮೂಲೆಗೆ ವೆಜ್ ತೂರಿಸಿ, ಕಂಬಿ ಹೋಗುವಷ್ಟೇ ಸಂದಿಯಾಗುವಂತೆ ಗಾಳಿ ತುಂಬಬೇಕು. ಹೆಚ್ಚಾದರೆ ಚೌಕಟ್ಟು ಬಾಗುತ್ತದೆ, ಆಮೇಲೆ ಮಳೆ ಬಂದಾಗಲೆಲ್ಲ ನೀರು ಸೋರುತ್ತದೆ. ಬಣ್ಣ ಕೆರೆಯದಂತೆ ಕಂಬಿಗೆ ಟೇಪ್ ಸುತ್ತಿ, ಒಳಗಿನ ಹ್ಯಾಂಡಲ್ ಎಳೆಯಿರಿ. ಕೆಲವು ಕಾರುಗಳಲ್ಲಿ ಎರಡು ಸಲ ಎಳೆಯಬೇಕು. ಅಲಾರಂ ಕೂಗಿದರೆ ಗಾಬರಿ ಬೇಡ, ಕೀಯ ಅನ್‌ಲಾಕ್ ಬಟನ್ ಒತ್ತಿ.

ಗಾಜಿನ ಸಂದಿಗೆ ಸ್ಕೇಲ್ ಇಳಿಸಲೇಬೇಡಿ. ಈಗಿನ ಬಾಗಿಲುಗಳೊಳಗೆ ವೈರುಗಳಿರುತ್ತವೆ, ಕಿತ್ತುಹೋದರೆ ರಿಪೇರಿ ದುಬಾರಿ. ಸಲಕರಣೆ ಇಲ್ಲವೆಂದರೆ ವಿಮೆಯ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯೇ ನೋಡಿ.

ಒಳಗೆ ಮಗುವಿದ್ದರೆ ಮಾತ್ರ ಕಾಯಲೇಬಾರದು: 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ.