ಟ್ಯೂಬ್ ಹಾಕುವ ಮುಂಚೆ ಮಾಸ್ಕ್ ಹಾಕಿ

ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬರುತ್ತದೆ. ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಶೇ. 70, ರೋಗಿ ಒದ್ದಾಡುತ್ತಿದ್ದಾರೆ, ಜೊತೆಗೆ ಬಂದವರು ಕೂಗಾಡುತ್ತಿದ್ದಾರೆ. ಆಗ ಎನ್95 ಯಾರಿಗೆ ನೆನಪಿರುತ್ತದೆ? ನನಗೂ ಇರಲಿಲ್ಲ. ಬರೀ ಸರ್ಜಿಕಲ್ ಮಾಸ್ಕ್‌ನಲ್ಲೇ ಉಸಿರಾಟಕ್ಕೆ ಬಾಯಿಯಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದೆ. ಆಮೇಲೆ ಕಫದ ರಿಪೋರ್ಟ್ ಬಂತು: ಟಿಬಿ. ನನಗೇನೂ ಆಗಲಿಲ್ಲ, ಆದರೆ ಎಷ್ಟೋ ತಿಂಗಳು ಒಂದು ಸಣ್ಣ ಕೆಮ್ಮು ಬಂದರೂ ಎದೆ ಧಸಕ್ ಎನ್ನುತ್ತಿತ್ತು.

ಟ್ಯೂಬ್ ಹಾಕುವಾಗ ನಮ್ಮ ಮುಖ ರೋಗಿಯ ಬಾಯಿಗೆ ಒಂದೆರಡು ಗೇಣು ದೂರ ಅಷ್ಟೇ ಅಲ್ವಾ? ಕೆಮ್ಮಿದರೆ ಎಲ್ಲಾ ನೇರ ಮುಖಕ್ಕೇ. 2003ರಲ್ಲಿ ಕೆನಡಾದ ಟೊರೊಂಟೊದಲ್ಲಿ ಸಾರ್ಸ್ ಎಂಬ ವೈರಸ್ ಕಾಯಿಲೆ ಬಂದಾಗ ಹೀಗೆ ಹತ್ತಿರ ನಿಂತ ಡಾಕ್ಟರ್, ನರ್ಸ್‌ಗಳಿಗೂ ಸೋಂಕು ತಗುಲಿತ್ತು.

ಎನ್95, ಕನ್ನಡಕ ಅಥವಾ ಫೇಸ್ ಶೀಲ್ಡ್, ಗೌನ್, ಎರಡು ಜೊತೆ ಗ್ಲೌಸ್. ಇವೆಲ್ಲ ಕ್ರ್ಯಾಶ್ ಕಾರ್ಟ್ (ತುರ್ತು ಸಾಮಾನಿನ ಗಾಡಿ) ಮೇಲೆಯೇ ಇರಲಿ, ಬೀಗ ಹಾಕಿದ ಬೀರುವಿನಲ್ಲಿ ಅಲ್ಲ. ಮಾಸ್ಕ್ ಹಾಕಿಕೊಂಡು ಎರಡೂ ಕೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ ಮೂಗಿನ ಪಟ್ಟಿ ಒತ್ತಿ, ಕೆನ್ನೆಯಲ್ಲಿ ಸೋರಿದರೆ ಎಲಾಸ್ಟಿಕ್ ಸರಿಮಾಡಿ. ಗಡ್ಡ ಇದ್ದರೆ ಮಾಸ್ಕ್ ಕೂರುವುದಿಲ್ಲ. ಬೇಜಾರಾದರೂ ನಿಜ.

ಒಳಗೆ ಮೂವರು ಸಾಕು: ಟ್ಯೂಬ್ ಹಾಕುವವರು, ಸಹಾಯಕ್ಕೆ ಒಬ್ಬರು, ಔಷಧಿ ಕೊಡಲು ಒಬ್ಬರು. ಬೇಕಾದ್ದು ತಂದುಕೊಡಲು ಹೊರಗೊಬ್ಬರು. ಕೈ ಪಳಗಿದವರೇ ಹಾಕಲಿ, ಇಂಟರ್ನ್ ಕಲಿಯುವ ಹೊತ್ತಲ್ಲ ಇದು. ಗಂಟಲೊಳಗೆ ಕ್ಯಾಮೆರಾದಲ್ಲಿ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಮುಖ ಅಷ್ಟು ದೂರ ಇರುತ್ತದೆ.

ಜಾಸ್ತಿ ಎಡವುವುದು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್‌ನಲ್ಲಿ. ರೋಗಿಯ ಮುಖಕ್ಕಿಡುವ ಮಾಸ್ಕಿಗೂ ಬ್ಯಾಗಿಗೂ ನಡುವೆ ವೈರಲ್ ಫಿಲ್ಟರ್ ಇರಲೇಬೇಕು. ಮಾಸ್ಕ್ ಬಿಗಿಯಾಗಿ ಹಿಡಿದು 3ರಿಂದ 5 ನಿಮಿಷ ಆಕ್ಸಿಜನ್ ಕೊಡಿ. ಬ್ಯಾಗ್ ಒತ್ತಲೇಬೇಕಾದರೆ ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಲಿ, ಇನ್ನೊಬ್ಬರು ಮೆತ್ತಗೆ ಒತ್ತಲಿ. ಸ್ನಾಯು ಸಡಿಲಿಸುವ ಔಷಧಿ ರೋಕುರೋನಿಯಂ ಆದರೆ ಕೆಜಿಗೆ 1.2 ಮಿಲಿಗ್ರಾಂ ಕೊಟ್ಟು ಪೂರ್ತಿ ಒಂದು ನಿಮಿಷ ಕಾಯಿರಿ. ಆ ಒಂದು ನಿಮಿಷ ಒಂದು ಗಂಟೆಯ ಹಾಗೆ ಅನಿಸುತ್ತದೆ, ಆದರೂ ಲ್ಯಾರಿಂಗೋಸ್ಕೋಪ್ ಬ್ಲೇಡ್ ತೂರಿಸಲು ಹೋಗಬೇಡಿ, ಔಷಧಿ ಹಿಡಿಯುವ ಮುಂಚೆ ಗಂಟಲು ಮುಟ್ಟಿದರೆ ರೋಗಿ ಕೆಮ್ಮುವುದು ಗ್ಯಾರಂಟಿ.

ಟ್ಯೂಬ್ ಒಳಗೆ ಹೋಯಿತಾ? ಮೊದಲು ಕಫ್ (ಟ್ಯೂಬಿನ ತುದಿಯ ಬಲೂನು) ಉಬ್ಬಿಸಿ, ಆಮೇಲೆ ಬ್ಯಾಗ್. ಗೌನ್ ಒಳಗೆ ಸ್ಟೆತಸ್ಕೋಪ್ ತುರುಕಿಕೊಳ್ಳಬೇಡಿ, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಅಲೆ ನೋಡಿ. ವೆಂಟಿಲೇಟರ್‌ಗೆ ಬದಲಾಯಿಸುವಾಗ ಫಿಲ್ಟರ್ ಟ್ಯೂಬ್‌ನಲ್ಲೇ ಉಳಿಯಲಿ. ಅದನ್ನೂ ತೆಗೆಯಬೇಕಾದರೆ ಮೊದಲು ಟ್ಯೂಬಿಗೆ ಕ್ಲ್ಯಾಂಪ್ ಹಾಕಿ.

ಅಂದ ಹಾಗೆ, 2020ರಲ್ಲಿ ಕೋವಿಡ್ ಹೊತ್ತಿಗೆ ಬಂದ, ರೋಗಿಯ ತಲೆಯ ಮೇಲೆ ಇಡುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಎಲ್ಲಾದರೂ ಮೂಲೆಯಲ್ಲಿದ್ದರೆ ಅಲ್ಲೇ ಇರಲಿ. ಕೈ ಆಡುವುದಿಲ್ಲ, ಟ್ಯೂಬ್ ಹಾಕುವುದು ತಡವಾಗುತ್ತದೆ. ಗಾಳಿ ಹೀರುವ ವ್ಯವಸ್ಥೆ ಇಲ್ಲದ ಇಂಥ ಪೆಟ್ಟಿಗೆಗಳಿಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ವರ್ಷದ ಆಗಸ್ಟ್‌ನಲ್ಲಿ ವಾಪಸ್ ಪಡೆಯಿತು.

ಬಿಚ್ಚುವಾಗ ಇನ್ನೂ ಹುಷಾರು. ಗ್ಲೌಸ್, ಗೌನ್, ಕನ್ನಡಕ, ಪ್ರತಿ ಸಲವೂ ಕೈಗೆ ಸ್ಯಾನಿಟೈಸರ್. ರೂಮಿನಿಂದ ಹೊರಗೆ ಬಂದ ಮೇಲೆ ಕೊನೆಗೆ ಮಾಸ್ಕ್, ಅದೂ ಎಲಾಸ್ಟಿಕ್ ಹಿಡಿದು. ಮೂಗು ತುರಿಸುವುದು ಸರಿಯಾಗಿ ಇದೇ ಹೊತ್ತಿಗೆ. ಒಬ್ಬರು ಎದುರು ನಿಂತು ನೋಡುತ್ತಿರಲಿ.

ಆಮೇಲೆ ರೂಮು. ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ಸುತ್ತಿಸುತ್ತದೆ, ಕಿಟಕಿ ತೆಗೆಯಿರಿ. ಗಂಟೆಗೆ 12 ಸಲ ಗಾಳಿ ಬದಲಾಗುವ ರೂಮಿನಲ್ಲೂ ಶೇ. 99ರಷ್ಟು ಕಣ ಹೋಗಲು 23 ನಿಮಿಷ ಬೇಕು. ನಾವು ಹೊರಗೆ ಬಂದ ತಕ್ಷಣ ನೆಲ ಒರೆಸಲು ಆಯಾನ ಒಳಗೆ ಕಳಿಸುತ್ತೇವಲ್ಲ, ಅವರಿಗೂ ಒಂದು ಎನ್95 ಕೊಡಿ.