ಅಮೆರಿಕದ ಕಾಲೇಜು ಅರ್ಜಿಯ ಜೊತೆ ಹಾಡು, ನೃತ್ಯದ ರೆಕಾರ್ಡಿಂಗ್ ಕಳಿಸುವವರಿಗೆ

ಮಕ್ಕಳು ಈ ಸಲ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದರೆ ಇದನ್ನು ಓದಿ. ಕರ್ನಾಟಕ ಸಂಗೀತ, ಭರತನಾಟ್ಯ, ಮೃದಂಗ ಗಂಭೀರವಾಗಿ ಕಲಿತವರು ಆರ್ಟ್ಸ್ ಸಪ್ಲಿಮೆಂಟ್ (ಅರ್ಜಿಗೆ ಪೂರಕವಾಗಿ ತಮ್ಮ ಕಲೆಯ ರೆಕಾರ್ಡಿಂಗ್) ಕಳಿಸಬಹುದು. ಎಲ್ಲ ಕಾಲೇಜುಗಳೂ ಸ್ವೀಕರಿಸುವುದಿಲ್ಲ, ಆಯಾ ಕಾಲೇಜಿನ ಅಡ್ಮಿಷನ್ ಪುಟ ನೋಡಿಕೊಳ್ಳಿ. ಹಲವು ಕಡೆ ಸ್ಲೈಡ್‌ರೂಮ್ ಎಂಬ ಜಾಲತಾಣದಲ್ಲಿ ಬೇರೆಯಾಗಿಯೇ ಸಲ್ಲಿಸಬೇಕು. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಟ್ಟಿಗೇ ಹಾಕುವ ಆನ್‌ಲೈನ್ ಅರ್ಜಿ) ಕಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಕೇಳುವ ಪ್ರೊಫೆಸರ್‌ಗೆ ನಮ್ಮ ಪದ್ಧತಿ ಗೊತ್ತಿಲ್ಲದಿರಬಹುದು. ಹಾಗಾಗಿ ವಿವರಣೆಗೆ ಜಾಗ ಕೊಟ್ಟಿದ್ದರೆ ರಾಗ, ತಾಳದ ಹೆಸರಿನ ಜೊತೆಗೆ ಯಾವುದು ರಚನೆ, ಯಾವುದು ಮಗು ಅಲ್ಲೇ ಹುಟ್ಟಿಸಿಕೊಂಡು ಹಾಡಿದ ಕಲ್ಪನಾಸ್ವರ ಅಂತ ನಿಮಿಷ ಸಮೇತ ಬರೆಯಿರಿ. ಮನೋಧರ್ಮವೇ, ಅಂದರೆ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಹಾಡುವುದೇ, ನಮ್ಮ ಸಂಗೀತದ ಜೀವ. ಅದು ಹೇಳದಿದ್ದರೆ ಎಲ್ಲವೂ ಬಾಯಿಪಾಠ ಅಂದುಕೊಂಡುಬಿಡುವ ಸಾಧ್ಯತೆ ಇದೆ. ಇಡೀ ರೆಕಾರ್ಡಿಂಗ್ ಕೇಳುತ್ತಾರೆ ಅಂತ ನಂಬಿ ಕೂರಬೇಡಿ, ಗಟ್ಟಿ ಭಾಗ ಮೊದಲೇ ಬರಲಿ.

ರಂಗಪ್ರವೇಶದ ವಿಡಿಯೊ ತುಂಡು ತುಂಡು ಮಾಡಿ ಜೋಡಿಸುವುದಕ್ಕಿಂತ ಒಂದೇ ಕ್ಯಾಮೆರಾ, ಒಂದೇ ಟೇಕ್ ಒಳ್ಳೆಯದು. ನೃತ್ಯದಲ್ಲಿ ಪಾದ ಕಾಣಲೇಬೇಕು, ಮೃದಂಗದಲ್ಲಿ ಎರಡೂ ಕೈ. ತಂಬೂರಿ ಆ್ಯಪ್ ದನಿಯನ್ನು ಮುಳುಗಿಸದಿರಲಿ.

ಸ್ವಲ್ಪ ದಿನ ಕಲಿತು ಬಿಟ್ಟದ್ದಾದರೆ ಕಳಿಸಬೇಡಿ, ಚಟುವಟಿಕೆ ಪಟ್ಟಿಯಲ್ಲಿ ಒಂದು ಸಾಲು ಸಾಕು.

ಗುರುಗಳ ಶಿಫಾರಸು ಪತ್ರಕ್ಕೂ ಅವಕಾಶವಿದ್ದರೆ ದಸರಾ ಕಛೇರಿಗಳು ಶುರುವಾಗುವ ಮೊದಲೇ ಕೇಳಿ. ಅರ್ಲಿ (ಸಾಮಾನ್ಯ ಗಡುವಿಗಿಂತ ಮುಂಚೆ ಹಾಕುವ) ಅರ್ಜಿಗೆ ಬಹಳ ಕಡೆ ನವೆಂಬರ್ 1 ಕೊನೆ ದಿನ. ಸಪ್ಲಿಮೆಂಟ್‌ಗೆ ಗಡುವು ಬೇರೆ ಇರಬಹುದು, ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.